ಸಿಸ್ಟರ್‌ಗೆ ನಿಮ್ಮ ಹೆಸರು ಮರೆತಿಲ್ಲ

"ಬೆಳಿಗ್ಗೆ ತಾನೆ ಕೇಳ್ಕೊಂಡು ಹೋದ್ರು, ಈಗ ಮತ್ತೆ ಹೆಸರೇನು ಅಂತಾರಲ್ಲ!" ಮೈಸೂರಿನ ಕೆ.ಆರ್. ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಗಳಲ್ಲಿ ರೋಗಿಯ ಜೊತೆಗಿರುವವರು ಹೀಗೆ ಗೊಣಗುವುದುಂಟು. ಸಿಸ್ಟರ್‌ಗೆ ಗಮನವಿಲ್ಲ ಅನ್ನುವುದು ಅವರ ಲೆಕ್ಕ. ಗಮನ ಇರುವುದರಿಂದಲೇ ಆಕೆ ಕೇಳುತ್ತಿರುವುದು. ಮಾದಪ್ಪ, ನಂಜುಂಡೇಶ್ವರರ ಸೀಮೆ ಇದು, ದೇವರ ಹೆಸರನ್ನೇ ಮಕ್ಕಳಿಗಿಡುವುದು ರೂಢಿ. ಮಂಡ್ಯ, ಚಾಮರಾಜನಗರದವರೂ ಬಂದು ಸೇರುವ ವಾರ್ಡಿನಲ್ಲಿ ಇಬ್ಬರು ಮಹದೇವಮ್ಮಂದಿರು ಅಕ್ಕಪಕ್ಕ ಮಲಗಿದ್ದರೆ ಆಶ್ಚರ್ಯವೇನಿಲ್ಲ. ಹಾಸಿಗೆ ನಂಬರನ್ನೂ ನಂಬುವಂತಿಲ್ಲ, ರೋಗಿ ಮಂಚ ಬದಲಾಯಿಸಿರಬಹುದು. "ಮಹದೇವಮ್ಮ ನೀವೇನಾ?" ಎಂದರೆ ಜ್ವರದ ಮಂಪರಿನಲ್ಲಿ ಯಾರು ಬೇಕಾದರೂ "ಹ್ಞೂಂ" ಅಂದುಬಿಡುತ್ತಾರೆ. ಅದಕ್ಕೇ ಪಳಗಿದ ಸಿಸ್ಟರ್ "ನಿಮ್ಮ ಹೆಸರೇನಮ್ಮ?" ಎಂದು ರೋಗಿಯ ಬಾಯಲ್ಲೇ ಹೇಳಿಸಿ, ಕೇಸ್ ಶೀಟಿನ ನಂಬರ್ ತಾಳೆ ನೋಡಿಯೇ ಮಾತ್ರೆ ಕೊಡುವುದು.

ಇನ್ನೊಂದು ಗಟ್ಟಿ ನಂಬಿಕೆ ಗ್ಲೂಕೋಸ್ ಬಾಟ್ಲಿಯದು: ಹಾಕಿಸಿದರೆ ಶಕ್ತಿ, ಬೇಗ ಇಳಿದರೆ ಬೇಗ ಶಕ್ತಿ. ಅರ್ಧ ಲೀಟರಿನ ಶೇ. 5ರ ಬಾಟ್ಲಿಯಲ್ಲಿರುವುದು 25 ಗ್ರಾಂ ಸಕ್ಕರೆ, ಅಷ್ಟೇ. ಸಿಹಿ ಮುಂದಾಗಿ ಕಾಫಿ ಕುಡಿಯುವವರು ಎರಡು ಲೋಟದಲ್ಲೇ ಅಷ್ಟನ್ನು ಮುಗಿಸುತ್ತಾರೆ. ಸಿಸ್ಟರ್ ಗಡಿಯಾರ ನೋಡುತ್ತ ಹನಿ ಎಣಿಸುವುದಕ್ಕೂ ಲೆಕ್ಕವಿದೆ. ಮಿಲಿಲೀಟರಿಗೆ 20 ಹನಿ ಬೀಳುವ ಸೆಟ್ಟಿನಲ್ಲಿ ಆ ಬಾಟ್ಲಿ 4 ಗಂಟೆಯಲ್ಲಿ ಇಳಿಯಬೇಕಾದರೆ ನಿಮಿಷಕ್ಕೆ ಸುಮಾರು 42 ಹನಿ. ಆಕೆ ಅತ್ತ ಹೋದಾಗ ಮನೆಯವರು ಪುಟ್ಟ ಚಕ್ರ ತಿರುವಿ ಜೋರು ಮಾಡಿದರೆ, ಹೃದಯವೋ ಕಿಡ್ನಿಯೋ ಸೋತವರಿಗೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟೀತು. ಬಾಟ್ಲಿಗೆ ಪೊಟ್ಯಾಸಿಯಂ ಸೇರಿಸಿದ್ದರಂತೂ ಹೃದಯವೇ ನಿಲ್ಲಬಹುದು.

"ಡಾಕ್ಟರು ಬರೆದ ಮಾತ್ರೆ ಕೊಡಲೇ ಇಲ್ಲ" ಎಂಬ ದೂರೂ ಇದೆ. ಹೃದ್ರೋಗದ ಡಿಗಾಕ್ಸಿನ್ ಕೊಡುವ ಮೊದಲು ಪೂರ್ತಿ ಒಂದು ನಿಮಿಷ ನಾಡಿ ಎಣಿಸುತ್ತಾರೆ. ದೊಡ್ಡವರಲ್ಲಿ 60ಕ್ಕಿಂತ ಕಡಿಮೆ ಬಂದರೆ ಮಾತ್ರೆ ತಡೆಹಿಡಿದು ಡಾಕ್ಟರಿಗೆ ತಿಳಿಸುವುದು ರೂಢಿ. ಅದು ಉದಾಸೀನವಲ್ಲ. ಆಸ್ಪತ್ರೆಯವರು ಕೊಡಲಿಲ್ಲವೆಂದು ಮನೆಯಿಂದ ತಂದ ಮಾತ್ರೆಯನ್ನು ಗುಟ್ಟಾಗಿ ನುಂಗಿಸುವವರಿದ್ದಾರೆ. ನನಗೆ ನಿಜಕ್ಕೂ ಭಯವಾಗುವುದು ಇವರ ಪ್ರೀತಿಯನ್ನು ಕಂಡಾಗ.

ಡಿಸ್ಚಾರ್ಜ್ ಆದ ಮೇಲೆ ಈ ಕಾವಲು ಮನೆಯವರದ್ದೇ. ಇನ್ಸುಲಿನ್ ಸಿರಿಂಜ್ ಎಲ್ಲ ಒಂದೇ ಅಂದುಕೊಳ್ಳಬೇಡಿ. ನಮ್ಮಲ್ಲಿ ಮಿಲಿಲೀಟರಿಗೆ 40 ಯೂನಿಟ್ ಇರುವ ಬಾಟ್ಲಿಗೆ ಕೆಂಪು ಮುಚ್ಚಳದ್ದು, 100ರದಕ್ಕೆ ಕಿತ್ತಳೆ ಬಣ್ಣದ್ದು. 100ರ ಮದ್ದನ್ನು ಕೆಂಪು ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಮೈಗೆ ಹೋಗುವುದು 50 ಯೂನಿಟ್.