ದಳವಾಯಿ ಮೆಚ್ಚಿದ ಸವಾರ

ಬೆಂಗಳೂರಿನಿಂದ ಚಿಕ್ಕಬಳ್ಳಾಪುರದ ಕಡೆಗೆ ಹೊರಟವರಿಗೆ ನಂದಿಬೆಟ್ಟಕ್ಕಿಂತ ಮೊದಲು ಸಿಕ್ಕುವುದು ದೇವನಹಳ್ಳಿಯ ಕೋಟೆ. ಟೀಪು ಸುಲ್ತಾನನು ಹುಟ್ಟಿದ ಊರೆಂದು ಮಕ್ಕಳಿಗೆ ತೋರಿಸಿ ಮುಂದೆ ಸಾಗುವುದು ವಾಡಿಕೆ. ಆದರೆ ಟೀಪು ಹುಟ್ಟುವ ಮೊದಲೇ, 1749ರಲ್ಲಿ, ಈ ಕೋಟೆಯ ಹೊರಗೆ ಒಂದು ಸಣ್ಣ ಸಂಗತಿ ನಡೆಯಿತು. ಮೈಸೂರು ಸಂಸ್ಥಾನದ ಅತಿ ಪ್ರಬಲನಾದ ಅಧಿಕಾರಿಯ ಪತನಕ್ಕೂ, ಚಿಕ್ಕಬಳ್ಳಾಪುರದ ಪಾಳೆಯಗಾರರ ಅಳಿವಿಗೂ ಅದೇ ಬೀಜವಾಯಿತು.

ಆಗ ಶ್ರೀರಂಗಪಟ್ಟಣದ ಸಿಂಹಾಸನದ ಮೇಲೆ ಇಮ್ಮಡಿ ಕೃಷ್ಣರಾಜ ಒಡೆಯರಿದ್ದರು. ಇದ್ದರು ಎಂದಷ್ಟೇ ಹೇಳಬೇಕು. ರಾಜ್ಯವಾಳುತ್ತಿದ್ದವರು ಕಳಲೆ ಮನೆತನದ ಅಣ್ಣತಮ್ಮಂದಿರು: ದಳವಾಯಿ ದೇವರಾಜಯ್ಯ ಹಾಗೂ ಸರ್ವಾಧಿಕಾರಿ ಕರಾಚೂರಿ ನಂಜರಾಜಯ್ಯ. ಹಿಂದಿನ ಅರಸನಾದ ಚಾಮರಾಜ ಒಡೆಯರನ್ನು 1734ರಲ್ಲಿ ಪದಚ್ಯುತಗೊಳಿಸಿ ಕಬ್ಬಾಳದುರ್ಗಕ್ಕೆ ಕಳುಹಿಸಿದ್ದು ಈ ದಳವಾಯಿಗಳ ಬಳಗವೇ. ಆ ಅರಸನು ಅಲ್ಲಿಯೇ ಪ್ರಾಣಬಿಟ್ಟನು. ನಂಜರಾಜಯ್ಯನು ತನ್ನ ಮಗಳನ್ನು ಹೊಸ ಅರಸನಿಗೆ ಕೊಟ್ಟು ಮಾವನೂ ಆದನು. ಅವನನ್ನು ಬರಿಯ ದುರಾಶೆಯ ಮನುಷ್ಯನೆಂದು ತಳ್ಳಿಹಾಕಲಾಗದು. ಅವನು ಪಂಡಿತ, ಶಿವಭಕ್ತ. ‘ಸಂಗೀತ ಗಂಗಾಧರ’ವೆಂಬ ಸಂಸ್ಕೃತ ಕಾವ್ಯವನ್ನು ರಚಿಸಿದವನು. ಅವನ ಕೀರ್ತಿಯನ್ನು ಹಾಡಲೆಂದೇ ನೃಸಿಂಹ ಕವಿಯು ‘ನಂಜರಾಜಯಶೋಭೂಷಣ’ವನ್ನು ಬರೆದನು. ಅರಸನಿಗಿಲ್ಲದ ಅಲಂಕಾರ ಗ್ರಂಥ ಮಂತ್ರಿಗೆ!

ಈ ನಂಜರಾಜಯ್ಯನು ದೇವನಹಳ್ಳಿಗೆ ಮುತ್ತಿಗೆ ಹಾಕಿದನು. ದೇವನಹಳ್ಳಿಯೂ ಚಿಕ್ಕಬಳ್ಳಾಪುರವೂ ಆವತಿ ಮೂಲದ ಗೌಡರ ಕೈಯಲ್ಲಿದ್ದ ಪಾಳೆಯಪಟ್ಟುಗಳು. ತಿಂಗಳುಗಟ್ಟಲೆ ಹೋರಾಡಿದ ಮೇಲೆ ದೇವನಹಳ್ಳಿಯ ಪಾಳೆಯಗಾರನು ಕೋಟೆಯನ್ನು ಬಿಟ್ಟುಕೊಟ್ಟು, ಚಿಕ್ಕಬಳ್ಳಾಪುರದ ತನ್ನ ಬಂಧುವಿನ ಆಶ್ರಯಕ್ಕೆ ಹೋದನು. ಆ ಮುತ್ತಿಗೆಯಲ್ಲಿ, ಸೈನ್ಯದಲ್ಲಿದ್ದ ಅಣ್ಣನ ಜೊತೆಗೆ ಸುಮ್ಮನೆ ಬಂದಿದ್ದ ಸವಾರನೊಬ್ಬನ ಧೈರ್ಯವು ಸರ್ವಾಧಿಕಾರಿಯ ಕಣ್ಣಿಗೆ ಬಿತ್ತು. ಅವನಿಗೆ 50 ಕುದುರೆ, 200 ಕಾಲಾಳುಗಳ ನಾಯಕತ್ವವನ್ನೂ, ಕೋಟೆಯ ಒಂದು ಬಾಗಿಲಿನ ಕಾವಲನ್ನೂ ಕೊಡಲಾಯಿತು. ಬೂದಿಕೋಟೆಯಲ್ಲಿ ಹುಟ್ಟಿದ ಆ ಸವಾರನ ಹೆಸರು ಹೈದರ್ ಅಲಿ.

ಇಂಗ್ಲೆಂಡಿನ ಎಂಟನೆಯ ಹೆನ್ರಿಯ ಆಸ್ಥಾನದ ಕಥೆಯನ್ನು ಓದಿದವರಿಗೆ ಈ ಬಗೆಯ ಏಳುಬೀಳು ಹೊಸದಲ್ಲ. ಕಾರ್ಡಿನಲ್ ವುಲ್ಸಿಯ ಸೇವೆಯಲ್ಲಿ ಮೇಲಕ್ಕೆ ಬಂದ ಥಾಮಸ್ ಕ್ರಾಮ್‌ವೆಲ್, ಒಡೆಯನು ಬಿದ್ದ ಮೇಲೆ ತಾನೇ ಅರಸನ ಬಲಗೈಯಾದನು. 1540ರ ಏಪ್ರಿಲಿನಲ್ಲಿ ಎಸೆಕ್ಸಿನ ಅರ್ಲ್ ಎನಿಸಿಕೊಂಡು ಜುಲೈಯಲ್ಲಿ ತಲೆ ಕಳೆದುಕೊಂಡನು. ಅಲ್ಲಿ ಏರಿಸಿದವನೂ ಇಳಿಸಿದವನೂ ಅರಸ. ಶ್ರೀರಂಗಪಟ್ಟಣದಲ್ಲಾದರೋ ಅರಸನು ನೋಡುತ್ತ ಕುಳಿತಿದ್ದನು.

ಕೈಕಟ್ಟಿ ಕುಳಿತಿರಲಾರದೆ ಅರಸನು ಒಮ್ಮೆ ಒಳಸಂಚಿಗೆ ಕೈಹಾಕಿದ್ದೂ ಉಂಟು. 1756ರಲ್ಲಿ ಅದನ್ನರಿತ ನಂಜರಾಜಯ್ಯನು ಅರಮನೆಯ ಮೇಲೆಯೇ ಫಿರಂಗಿ ಹಾರಿಸಿ ಬಾಗಿಲನ್ನೊಡೆದು, ಅರಸನ ಕಡೆಯವರ ಮೂಗು ಕಿವಿಗಳನ್ನು ಅರಸನೆದುರಿಗೇ ಕೊಯ್ಯಿಸಿದನು. ಅಳಿಯನಿಗೆ ಮಾವನು ಮಾಡಿದ ಮರ್ಯಾದೆ ಇದು. ಬೇಸತ್ತ ಅಣ್ಣ ದೇವರಾಜಯ್ಯನು ಸತ್ಯಮಂಗಲಕ್ಕೆ ಹೊರಟುಹೋದನು. ಇತ್ತ ತಿರುಚಿನಾಪಳ್ಳಿಯನ್ನು ಪಡೆಯುವ ಆಸೆಯಿಂದ ನಡೆಸಿದ ವ್ಯರ್ಥ ಯುದ್ಧ ಬೊಕ್ಕಸವನ್ನು ಬರಿದುಮಾಡಿತ್ತು. ಉಳಿದುದನ್ನು ಮರಾಠರು ಕೇಳಿ ಬಂದರು. ಸಂಬಳವಿಲ್ಲದ ಸೈನಿಕರು ಮನೆಬಾಗಿಲಿನಲ್ಲಿ ಧರಣಿ ಕುಳಿತರು. ಅವರ ಬಾಕಿಯನ್ನು ತೀರಿಸಿದವನು ಹೈದರ್. ಸೈನಿಕರ ಒಲವು ಯಾರ ಕಡೆಗೆ ತಿರುಗಿತೆಂದು ಬೇರೆ ಹೇಳಬೇಕಾಗಿಲ್ಲ. 1759ರಲ್ಲಿ ನಂಜರಾಜಯ್ಯನು ಅಧಿಕಾರವನ್ನು ಬಿಟ್ಟು ಕೊನೆಗೆ ಕೊಣನೂರನ್ನು ಸೇರಿದನು.

ಹೈದರನಿಗೂ ಒಬ್ಬ ಹೈದರ್ ಸಿಕ್ಕದೆ ಇರಲಿಲ್ಲ. ಅವನ ಲೆಕ್ಕಪತ್ರಗಳನ್ನು ನೋಡಿಕೊಂಡು ಮೇಲೆ ಬಂದ ಖಂಡೇರಾಯನು 1760ರಲ್ಲಿ ಅರಸನ ಪಕ್ಷವನ್ನು ಸೇರಿ ತಿರುಗಿಬಿದ್ದನು. ಹೈದರ್ ರಾತ್ರೋರಾತ್ರಿ ಬೆಂಗಳೂರಿಗೆ ಪಾರಾಗಬೇಕಾಯಿತು. ಮರುವರ್ಷದ ಹೊತ್ತಿಗೆ ದಾರಿ ಕಾಣದೆ ಅವನು ಹೋದದ್ದೆಲ್ಲಿಗೆ ಗೊತ್ತೆ? ತಾನು ಕೆಳಗಿಳಿಸಿದ ನಂಜರಾಜಯ್ಯನ ಬಾಗಿಲಿಗೆ! ಕಾಲಿಗೆ ಬಿದ್ದು, ತನ್ನ ಕಷ್ಟಗಳಿಗೆಲ್ಲ ತನ್ನ ಕೃತಘ್ನತೆಯೇ ಕಾರಣವೆಂದನು. ವೃದ್ಧನ ಮನಸ್ಸು ಕರಗಿತು. ತನ್ನ ಹೆಸರನ್ನೂ ತನ್ನ ಜನರನ್ನೂ ಅವನಿಗೆ ಒದಗಿಸಿದನು. ಆ ಹೆಸರಿನಲ್ಲಿ ಹೈದರ್ ಕಳುಹಿಸಿದ ಕಪಟ ಪತ್ರಗಳು ಬೇಕೆಂದೇ ಖಂಡೇರಾಯನ ಕೈಗೆ ಸಿಕ್ಕುವಂತೆ ಆದುವು. ತನ್ನ ಸರದಾರರೇ ತನ್ನನ್ನು ಹಿಡಿದುಕೊಡುವರೆಂದು ಹೆದರಿ ಅವನು ಸೈನ್ಯವನ್ನು ಬಿಟ್ಟೋಡಿದನು. ಸೆರೆಸಿಕ್ಕವನ ಪ್ರಾಣ ಉಳಿಸಬೇಕೆಂದು ಅರಮನೆಯ ಸ್ತ್ರೀಯರು ಬೇಡಿದಾಗ, ಗಿಣಿಯಂತೆ ಸಾಕುವೆನೆಂದು ಹೈದರ್ ಮಾತುಕೊಟ್ಟನಂತೆ. ಮಾತಿಗೆ ತಪ್ಪಲಿಲ್ಲ. ಖಂಡೇರಾಯನನ್ನು ಕಬ್ಬಿಣದ ಪಂಜರದಲ್ಲಿಟ್ಟು ಹಾಲು ಅನ್ನ ಹಾಕಿಸಿದನೆಂದು ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾನೆ.

ಇನ್ನು ಅಡ್ಡಿಯಿರಲಿಲ್ಲ. 1762ರಲ್ಲಿ ಹೈದರನ ದಂಡು ಚಿಕ್ಕಬಳ್ಳಾಪುರಕ್ಕೆ ಬಂದಿತು. ಶಿಡ್ಲಘಟ್ಟವನ್ನೂ ಕೈಯಲ್ಲಿಟ್ಟುಕೊಂಡಿದ್ದ ಅಲ್ಲಿನ ಪಾಳೆಯಗಾರ ಚಿಕ್ಕಪ್ಪಗೌಡನು ಸುಲಭಕ್ಕೆ ಬಗ್ಗುವವನಲ್ಲ. ಹಣ ಕೊಡುವೆನೆಂದು ಒಪ್ಪಿ ದಂಡನ್ನು ಹಿಂದಕ್ಕೆ ಕಳುಹಿಸಿ, ಗುತ್ತಿಯ ಮುರಾರಿರಾಯನನ್ನು ಕರೆಸಿ ಊರನ್ನು ಅವನಿಗೊಪ್ಪಿಸಿ, ತಾನು ನಂದಿದುರ್ಗವನ್ನೇರಿದನು. (ಮರಾಠ ಸರದಾರರು ಈ ಸೀಮೆಗೆ ಅಪರಿಚಿತರಲ್ಲ, ಚಿಂತಾಮಣಿಗೆ ಆ ಹೆಸರು ಬಂದದ್ದೇ ಚಿಂತಾಮಣಿರಾಯನೆಂಬ ಮರಾಠ ನಾಯಕನಿಂದ.) ಹೈದರ್ ಮರಳಿ ಬಂದು ಊರನ್ನೂ ದುರ್ಗವನ್ನೂ ಹಿಡಿದನು. ಚಿಕ್ಕಪ್ಪಗೌಡನು ಸೆರೆಯಾಳಾಗಿ ಬೆಂಗಳೂರಿಗೆ, ಅಲ್ಲಿಂದ ಕೊಯಮತ್ತೂರಿಗೆ ಹೋದನು. 1791ರಲ್ಲಿ ಕಾರ್ನವಾಲೀಸನು ನಾರಾಯಣಗೌಡನಿಗೆ ಚಿಕ್ಕಬಳ್ಳಾಪುರವನ್ನು ಹಿಂದಿರುಗಿಸಿದರೂ, ಟೀಪು ಅದನ್ನು ಮತ್ತೆ ಕಿತ್ತುಕೊಂಡನು.

ನಂಜರಾಜಯ್ಯನ ಗತಿ ಏನಾಯಿತೆಂದು ವಾಚಕರು ಕೇಳಬಹುದು. 1766ರಲ್ಲಿ ಅಳಿಯನಾದ ಅರಸನು ತೀರಿಕೊಂಡನು. ಮುದುಕನು ಮತ್ತೇನೋ ಹೂಡುತ್ತಿರುವನೆಂದು ಹೈದರನಿಗೆ ಸಂಶಯ ಹುಟ್ಟಿತು. ಪ್ರಮಾಣವಚನಗಳನ್ನು ನಂಬಿ ಶ್ರೀರಂಗಪಟ್ಟಣಕ್ಕೆ ಬಂದ ನಂಜರಾಜಯ್ಯನು ಮತ್ತೆ ಹೊರಗೆ ಹೋಗಲಿಲ್ಲ. ದೇವನಹಳ್ಳಿಯಲ್ಲಿ ಸವಾರನೊಬ್ಬನನ್ನು ಮೆಚ್ಚಿದ ಸರ್ವಾಧಿಕಾರಿಯು 1773ರಲ್ಲಿ ಆ ಸವಾರನ ಸೆರೆಯಲ್ಲಿಯೇ ಕಣ್ಮುಚ್ಚಿದನು.