ಸಣ್ಣ ಟ್ರ್ಯಾಕ್ಟರ್ ಹೊರುವ ಟ್ರೇಲಿ: ಕೊಳ್ಳುವ ಮುಂಚೆ ನೋಡಬೇಕಾದದ್ದು

ನಮ್ಮೂರು ಅಗರಖೇಡ. ಇಂಡಿ ತಾಲೂಕು, ಭೀಮಾ ನದಿ ದಂಡಿ. ಹೊಳಿ ದಂಡಿ ಅಂದಕೂಡಲೆ ನೀರಾವರಿ ಅಂತ ತಿಳಿಯಬೇಡಿ. ನನ್ನ 7 ಎಕರೆ ಇರುವುದು ಊರ ಮ್ಯಾಲಿನ ಕಡೆ. ತೊಗರಿ, ಬಿಳಿಜೋಳ, ಕಡಲಿ, ಎಲ್ಲಾ ಮಳಿ ನಂಬಿದ ಬೆಳಿ. ಒಂದೂವರೆ ಎಕರೆದಾಗ ಮಾತ್ರ ಬೋರಿನ ನೀರಿನ ಮ್ಯಾಲೆ ನಿಂಬಿಗಿಡ ಇವೆ. ನಾನು ಕಲಿತದ್ದು ಏಳನೇ ಇಯತ್ತೆ. ಲೆಕ್ಕ ಪುಸ್ತಕದ್ದಲ್ಲ, ಪೆಟ್ಟು ತಿಂದು ಕಲಿತದ್ದು. ಅದನ್ನೇ ಇಲ್ಲಿ ಬರೆದಿದ್ದೇನೆ.

2019ರಲ್ಲಿ ಎತ್ತು ಮಾರಿ ನಾನು ಮತ್ತು ತಮ್ಮ ಕೂಡಿ 15 ಎಚ್.ಪಿ. ಸಣ್ಣ ಟ್ರ್ಯಾಕ್ಟರ್ ತಂದೆವು. ನಮ್ಮ ಭೂಮಿ ಒಂದಕ್ಕೇ ಆದರೆ ಅದರ ಸಾಲ ಹರಿಯುವುದಿಲ್ಲ. ಆದರೆ ಇಂಡಿ ಕಡೆ ನಿಂಬಿ ತೋಟ ಬಹಳ. ಇಂಡಿ ನಿಂಬೆಗೆ 2023ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ. ಗಿಡ ದೊಡ್ಡವಾದ ಮ್ಯಾಲೆ ಸಾಲಿನಾಗ ದೊಡ್ಡ ಟ್ರ್ಯಾಕ್ಟರ್ ಹೊಕ್ಕರೆ ಟೊಂಗಿ ಮುರೀತಾವು, ಮುಳ್ಳು ಡ್ರೈವರನ ಮುಖಕ್ಕ. ಸಣ್ಣದು ಸಲೀಸಾಗಿ ಹೋಗಿ ಬರ್ತದ. ಹಿಂಗಾಗಿ ಝಳಕಿ, ಹೊರ್ತಿ ಕಡೆಯಿಂದಲೂ ಬಾಡಿಗಿಗೆ ಕರೀತಾರೆ.

ತೊಂದರೆ ಇರುವುದು ದಾರಿಯದು. ಸಣ್ಣ ಟ್ರ್ಯಾಕ್ಟರನ್ನು ಡಾಂಬರ ಮ್ಯಾಲೆ ತಾಸುಗಟ್ಟಲೆ ಓಡಿಸಿದರೆ ಹಿಂದಿನ ಟೈರಿನ ಹಲ್ಲು ಸವೀತಾವು. ಆ ಹಲ್ಲು ಇರುವುದು ಮಣ್ಣಿಗೆ, ಡಾಂಬರಿಗಲ್ಲ. ಅರ್ಧ ದಿನ ದಾರಿಯಾಗೇ ಕಳೀತದ. 5-6 ಕಿಲೋಮೀಟರ್ ಇದ್ರ ಓಡಿಸಿಕೊಂಡೇ ಹೋಗ್ರಿ. ಅದಕ್ಕಿಂತ ದೂರ ಇದ್ರ ಹೊತ್ತುಕೊಂಡು ಹೋಗುವುದೇ ಒಳ್ಳೆಯದು.

ನನ್ನ ತಪ್ಪು

2021ರ ಜೂನ್ ತಿಂಗಳು. ಪಕ್ಕದ ಹೊಲದವರ ಟ್ರೇಲಿ ಕೇಳಿ ತಂದಿದ್ದೆ. ಟ್ರೇಲಿಯನ್ನು ದೊಡ್ಡ ಟ್ರ್ಯಾಕ್ಟರಿಗೆ ಹುಕ್ಕು ಹಾಕಿರಲಿಲ್ಲ, ಮೂತಿಯನ್ನು ಒಂದು ಕಲ್ಲಿನ ಮ್ಯಾಲೆ ಇಟ್ಟಿದ್ದೆವು. ಹಿಂದೆ ಎರಡು ಹಲಗಿ ಒರಗಿಸಿ ಸಣ್ಣ ಟ್ರ್ಯಾಕ್ಟರ್ ಏರಿಸಿದೆ. ಮುಂದಿನ ಗಾಲಿ ಏರಿದವು. ಹಿಂದಿನ ಗಾಲಿ ಟ್ರೇಲಿಯ ಅಂಚಿಗೆ ಬಂದವು. ಅಷ್ಟರಾಗ ಟ್ರೇಲಿಯ ಬಾಲ ನೆಲಕ್ಕೆ ಕುಸಿದು ಮೂತಿ ಮ್ಯಾಲಕ್ಕೆ ಎದ್ದಿತು. ಮೂತಿ ಎದ್ದಾತೆಂದು ಅದನ್ನು ಒತ್ತಿ ಹಿಡಕೊಂಡು ನಿಂತವನು ನನ್ನ ಮಗ. ಕಬ್ಬಿಣ ಅವನ ಭುಜಕ್ಕೆ ಬಡೀತು. ಟ್ರ್ಯಾಕ್ಟರ್ ನನ್ನನ್ನೂ ಕೂಡಿಸಿಕೊಂಡು ಹಿಂದಕ್ಕೆ ಜಾರಿ ನೆಲಕ್ಕೆ ಬಂತು. ಮಗುಚಲಿಲ್ಲ, ಅದೊಂದು ಪುಣ್ಯ.

ಕೊರಳೆಲುಬು ಮುರಿದಿತ್ತು. ಮೂರು ತಿಂಗಳು ಹುಡುಗ ಬಲಗೈ ಎತ್ತಲಿಲ್ಲ. ಇದಕ್ಕೆ ಯಾರನ್ನೂ ಬೈಯುವಂತಿಲ್ಲ, ಟ್ರೇಲಿ ಕೊಟ್ಟವರನ್ನೂ ಅಲ್ಲ. ಬಾಲದ ಕಡೆ 800 ಕಿಲೊ, ಮೂತಿಯ ಕಡೆ 55 ಕಿಲೊ ಹುಡುಗ. ಇದು ತಕ್ಕಡಿ ನೋಡಿದ ಯಾರಿಗೂ ತಿಳಿಯುವ ಮಾತು. ನನಗೆ ತಿಳಿಯಲಿಲ್ಲ.

ಹಿಂಭಾರ, ಮುಂಭಾರ

ಚಕ್ಕಡಿ ಹೂಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೇರು ಹಿಂದಾದರೆ ನೊಗ ಮ್ಯಾಲೆದ್ದು ಜತ್ತಿಗಿ ಎತ್ತಿನ ಗಂಟಲು ಹಿಡೀತದ. ಹೇರು ಮುಂದಾದರೆ ಎತ್ತಿನ ಹೆಗಲು ಕುಸೀತದ. ಎರಡು ಗಾಲಿಯ ಟ್ರೇಲಿಯೂ ಚಕ್ಕಡಿಯೇ. ಎತ್ತಿನ ಜಾಗದಾಗ ಟ್ರ್ಯಾಕ್ಟರಿನ ಹುಕ್ಕು ಇರ್ತದ, ಅಷ್ಟೇ.

ಹಿಂಭಾರ ಆದರೆ ಎಳೆಯುವ ಟ್ರ್ಯಾಕ್ಟರಿನ ಹಿಂದಿನ ಗಾಲಿ ಹಗುರಾಗ್ತಾವು. ಗಾಲಿ ಹಗುರಾದರೆ ಬ್ರೇಕು ಹಿಡಿಯುವುದಿಲ್ಲ, ಟ್ರೇಲಿ ದಾರಿಯಾಗ ಹಾವಿನಂಗ ಹೊರಳಾಡ್ತದ. ಮುಂಭಾರ ಹೆಚ್ಚಾದರೆ ಎಳೆಯುವ ಟ್ರ್ಯಾಕ್ಟರಿನ ಮುಂದಿನ ಗಾಲಿ ಎದ್ದು ಸ್ಟೇರಿಂಗ್ ಮಾತು ಕೇಳುವುದಿಲ್ಲ. ಒಟ್ಟು ಭಾರದಾಗ ಹತ್ತರಿಂದ ಏಳನೇ ಒಂದು ಪಾಲಿನ ನಡುವೆ ಹುಕ್ಕಿನ ಮ್ಯಾಲೆ ಬಿದ್ದರೆ ಸರಿ.

ಇದನ್ನು ತೂಗಿಯೇ ನೋಡಬಹುದು. ಕಬ್ಬು ತೂಗುವ ಕಾಟಾದ ಮ್ಯಾಲೆ ಹೇರು ತುಂಬಿದ ಟ್ರೇಲಿಯನ್ನು ಟ್ರ್ಯಾಕ್ಟರಿನಿಂದ ಬಿಡಿಸಿ, ಮೂತಿಯ ಕೆಳಗೆ ಜ್ಯಾಕ್ ಕೊಟ್ಟು, ಇಡಿಯಾಗಿ ತೂಗ್ರಿ. ನನ್ನದು 1,820 ಕಿಲೊ ಬಂತು: ಟ್ರೇಲಿ 850, ಟ್ರ್ಯಾಕ್ಟರ್ 800, ರೋಟಾವೇಟರ್ 170. ಆಮ್ಯಾಲೆ ಟ್ರೇಲಿಯ ಗಾಲಿ ಅಷ್ಟೇ ಕಾಟಾದ ಮ್ಯಾಲೆ, ಮೂತಿಯ ಜ್ಯಾಕ್ ಕಾಟಾದ ಹೊರಗೆ ಬರುವಂಗ ನಿಲ್ಲಿಸಿ ತೂಗ್ರಿ. 1,590 ಬಂತು. ಕಳೆದರೆ 230 ಕಿಲೊ. ಅಂದರೆ ಮೂತಿಯ ಮ್ಯಾಲೆ ಎಂಟನೇ ಒಂದು ಪಾಲು. ಆಗ ಟ್ರ್ಯಾಕ್ಟರಿನ ಗಾಲಿ ಎಲ್ಲಿ ನಿಂತಿದ್ದವೋ ಅಲ್ಲಿ ಬಿಳಿ ಬಣ್ಣದ ಗೆರಿ ಹೊಡೆದಿದ್ದೇನೆ. ಪ್ರತಿ ಸಲ ಅದೇ ಗೆರಿಗೆ ನಿಲ್ಲಿಸುವುದು. ಒಂದು ದಿನದ ಕೆಲಸ, ಜನ್ಮಕ್ಕೆ ಸಾಕು.

ಎಷ್ಟು ಉದ್ದ, ಎಷ್ಟು ಅಗಲ

ಮೊದಲು ನಿಮ್ಮ ಟ್ರ್ಯಾಕ್ಟರಿನ ತೂಕ ಪುಸ್ತಕದಾಗ ನೋಡ್ರಿ. ಎಲ್ಲಾ ಸಣ್ಣ ಟ್ರ್ಯಾಕ್ಟರ್ ಒಂದೇ ತೂಕದವಲ್ಲ. ವಿ.ಎಸ್.ಟಿ. ಶಕ್ತಿಯ 18.5 ಎಚ್.ಪಿ. ಗಾಡಿ ಸುಮಾರು 650 ಕಿಲೊ, ಮಹೀಂದ್ರ ಯುವರಾಜ್ 215 ಸುಮಾರು 780 ಕಿಲೊ, ಸ್ವರಾಜ್ 717 ಸುಮಾರು 850 ಕಿಲೊ. ಇದರ ಮ್ಯಾಲೆ ರೋಟಾವೇಟರ್, ಮುಂದಿನ ಭಾರದ ಬಿಲ್ಲೆ, ಡೀಸೆಲ್ ಡಬ್ಬಿ ಕೂಡಿಸ್ರಿ. ಬಂದ ಲೆಕ್ಕಕ್ಕಿಂತ ಅರ್ಧಪಟ್ಟು ಹೆಚ್ಚು ಹೊರುವ ಟ್ರೇಲಿ ಬೇಕು. ನಮ್ಮ ಹೊಲದ ದಾರಿ ತಗ್ಗುದಿನ್ನಿ. ಗಾಲಿ ಗುಂಡಿಗೆ ಬಿದ್ದಾಗ ಅಚ್ಚಿಗೆ ಬೀಳುವ ಪೆಟ್ಟು ನಿಂತ ಭಾರಕ್ಕಿಂತ ದೊಡ್ಡದು.

ಸಾಮಾನ್ಯ ಟ್ರೇಲಿ 10 ಅಡಿ ಉದ್ದ. ಬರೀ ಟ್ರ್ಯಾಕ್ಟರಿಗೆ ಸಾಕು, ರೋಟಾವೇಟರ್ ಸೇರಿದರೆ ಸಾಲದು. ಭಾರ ಹಿಂದೆ ಮುಂದೆ ಸರಿಸಲು ಜಾಗವೇ ಉಳಿಯುವುದಿಲ್ಲ. 12 ಅಡಿ ಇರಲಿ. ಅಗಲಕ್ಕೆ ಟ್ರ್ಯಾಕ್ಟರಿನ ಹಿಂದಿನ ಗಾಲಿಯ ಹೊರ ಅಂಚಿನಿಂದ ಹೊರ ಅಂಚಿಗೆ ಹಗ್ಗ ಹಿಡಿದು ಅಳೀರಿ. ಎರಡೂ ಕಡೆ ಅರ್ಧ ಅಡಿ ಬಿಡ್ರಿ. ನನಗೆ 5 ಅಡಿ ಸಾಕಾಯಿತು.

ಎತ್ತರ ಕಡಿಮೆ ಇದ್ದಷ್ಟು ಒಳ್ಳೆಯದು

ಗೊಬ್ಬರ, ಕಣಕಿ ಹೇರುವ ಟ್ರೇಲಿಯಾಗ ತಳ ಗಾಲಿಯ ಮ್ಯಾಲೆ ಇರ್ತದ. ಮೂರು ಅಡಿ ದಾಟ್ತದ. ಟ್ರ್ಯಾಕ್ಟರ್ ಹೊರುವುದಕ್ಕೆ ಗಾಲಿ ಹೊರಗೆ, ತಳ ನಡುವೆ ಇರುವಂಥದು ನೋಡ್ರಿ. ನನ್ನದು ನೆಲದಿಂದ 28 ಇಂಚು. ಏರು ಹಲಗಿಯ ಉದ್ದ ಎತ್ತರದ ನಾಲ್ಕು ಪಟ್ಟು ಇರಬೇಕು. 28 ಇಂಚಿಗೆ ಒಂಬತ್ತೂವರೆ ಅಡಿ. ನನ್ನ ಮೊದಲಿನ ಹಲಗಿ 6 ಅಡಿ, ಟ್ರೇಲಿ 3 ಅಡಿ. ಅದು ಏರಲ್ಲ, ಗ್ವಾಡಿ.

ಕಟ್ಟಿಗಿ ಹಲಗಿ ಬ್ಯಾಡ, ಮಳಿಗಾಲದಾಗ ಎರಿ ಮಣ್ಣು ಮೆತ್ತಿ ಸಾಬೂನಿನಂಗ ಜಾರ್ತಾವು. ಕಬ್ಬಿಣದ ಚಾನಲ್ ತೊಗೊಂಡು ಅಡ್ಡ ಪಟ್ಟಿ ಬೆಸಿಸ್ರಿ. ಹಲಗಿಯ ತಲೆಗೆ ಕೊಕ್ಕೆ ಇದ್ದು ಟ್ರೇಲಿಯ ಅಂಚಿನ ರಂಧ್ರದಾಗ ಕೂಡಬೇಕು. ಒರಗಿಸಿಟ್ಟ ಹಲಗಿ ಗಾಲಿ ಒತ್ತಿದಕೂಡಲೆ ಹಿಂದಕ್ಕೆ ಜಾರ್ತದ.

ಎಲ್ಲಕ್ಕಿಂತ ಮುಖ್ಯ, ಬಾಲದ ಎರಡೂ ಮೂಲಿಗೆ ಊರುಗಾಲು. ಹೇರುವಾಗ ಇಳಿಸಿ ಪಿನ್ನು ಹಾಕುವುದು, ಹೊರಡುವಾಗ ಮ್ಯಾಲೆ ಮಡಿಚುವುದು. ಇದಿದ್ದಿದ್ದರೆ ನನ್ನ ಮಗನ ಎಲುಬು ಮುರೀತಿರಲಿಲ್ಲ. ಹುಕ್ಕು ಹಾಕಿದ್ದೇವಲ್ಲ, ಊರುಗಾಲು ಯಾಕೆ ಅಂತ ಕೇಳಬಹುದು. ಬಾಲ ಕುಸಿದಾಗ ಎಳೆಯುವ ಟ್ರ್ಯಾಕ್ಟರಿನ ಹಿಂಭಾಗವೇ ಮ್ಯಾಲೆದ್ದು, ಬ್ರೇಕು ಬಿಟ್ಟಂಗಾಗಿ ಎರಡೂ ಗಾಡಿ ಉರುಳ್ತಾವು. ಹುಕ್ಕೂ ಬೇಕು, ಊರುಗಾಲೂ ಬೇಕು.

ಹೈಡ್ರಾಲಿಕ್ ಎತ್ತುವ ಟ್ರೇಲಿಯಾಗ ಇನ್ನೊಂದು ಅಪಾಯ ಇದೆ. ಆ ಜ್ಯಾಕ್ ಮ್ಯಾಲಕ್ಕೆ ದಬ್ಬುತ್ತದೆ, ಕೆಳಕ್ಕೆ ಹಿಡಿಯುವುದಿಲ್ಲ. ಹಿಂದೆ ಭಾರ ಬಿದ್ದರೆ ತೊಟ್ಟಿ ತಾನೇ ಏಳ್ತದ. ಅಂಥದ್ದೇ ಇದ್ರ ತೊಟ್ಟಿಯನ್ನು ಚಾಸಿಗೆ ಪಿನ್ನಿನಿಂದ ಬಿಗಿಯದೆ ಹೇರಬೇಡಿ.

ಹಳೇ ಟ್ರೇಲಿ ಕೊಳ್ಳುವಾಗ

ಬಣ್ಣ ನೋಡಿ ಮರುಳಾಗಬೇಡಿ. ಹೊಸ ಬಣ್ಣದ ಕೆಳಗೆ ಹಳೇ ಬಿರುಕು ಇರ್ತಾವು. ಮೂತಿಯ ಎರಡು ಕಬ್ಬಿಣ ಚಾಸಿಗೆ ಕೂಡುವ ಜಾಗ, ಕಮಾನ ಪಾಟಿ ಕೂಡುವ ಜಾಗ, ಇವೆರಡನ್ನು ಕೆರೆದು ನೋಡ್ರಿ. ಒಂದು ಗಾಲಿಯನ್ನು ಜ್ಯಾಕ್ ಮ್ಯಾಲೆ ಎತ್ತಿ ಕೈಲೆ ಅಲುಗಾಡಿಸ್ರಿ. ಅಲುಗಿದರೆ ಬೇರಿಂಗ್ ಹೋಗಿದೆ. 5 ಕಿಲೋಮೀಟರ್ ಎಳೆದು ಬಂದು ಗಾಲಿಯ ನಡುವೆ ಕೈ ಇಡ್ರಿ, ಕೈ ಸುಟ್ಟರೆ ಬ್ಯಾಡ. ಹುಕ್ಕಿನ ಬಳೆ ಸವೆದು ತೆಳ್ಳಗಾಗಿದ್ದರೆ ಬಳೆಯನ್ನೇ ಬದಲಿಸಬೇಕು, ಮ್ಯಾಲೆ ಬೆಸುಗೆ ತುಂಬುವುದಲ್ಲ.

ಟೈರಿಗೆ ನಾನು 7.50-16 ಹಾಕಿದ್ದೇನೆ. ಅದಕ್ಕಿಂತ ಸಣ್ಣದು ಎರಿ ಹೊಲದಾಗ ಹುಗೀತದ. ನಾಕು ಗಾಲಿಯ ಟ್ರೇಲಿ ಹುಕ್ಕಿನ ಮ್ಯಾಲೆ ಭಾರ ಹಾಕುವುದಿಲ್ಲ ಅನ್ನುವುದು ಖರೆ, ಆದರೆ ತೋಟದ ಸಣ್ಣ ದಾರಿಯಾಗ ಅದನ್ನು ಹಿಂದಕ್ಕೆ ಹಾಕುವುದು ಹೊಸಬರಿಗೆ ಆಗದ ಮಾತು.

ಟ್ರೇಲಿಗೆ ಬ್ಯಾರೇ ನೋಂದಣಿ ಇರ್ತದ, ಟ್ರ್ಯಾಕ್ಟರಿನ ನಂಬರು ಅದಕ್ಕೆ ನಡೆಯುವುದಿಲ್ಲ. ಕಾಗದ ಇಲ್ಲದ ಟ್ರೇಲಿ ಎಷ್ಟು ಅಗ್ಗ ಇದ್ದರೂ ಬ್ಯಾಡ. ಬಾಡಿಗಿ ಕೆಲಸಕ್ಕೆ ವಿಮೆ ನಡೀತದೋ ಇಲ್ಲೋ ಅಂತ ಮೊದಲೇ ಕೇಳಿ ಬರೆಸಿಕೊಳ್ಳಿ.

ಹೇರುವ ಕ್ರಮ

1. ಸಪಾಟ, ಗಟ್ಟಿ ನೆಲ. ಟ್ರೇಲಿಗೆ ಹುಕ್ಕು, ಪಿನ್ನಿಗೆ ಕ್ಲಿಪ್ಪು, ಜೊತೆಗೆ ಒಂದು ಸರಪಳಿ. ಗಾಲಿಗೆ ಜಾಲಿ ಕಟ್ಟಿಗಿಯ ಅಡ್ಡ.
2. ಊರುಗಾಲು ಇಳಿಸುವುದು.
3. ರೋಟಾವೇಟರ್ ಬಿಚ್ಚಿ, ನಾಕು ಮಂದಿ ಹಲಗಿಯ ಮ್ಯಾಲೆ ಜಗ್ಗಿ ಮೂತಿಯ ಕಡೆ ಇಡುವುದು. ಅದನ್ನು ಟ್ರ್ಯಾಕ್ಟರಿಗೆ ಕಟ್ಟಿಕೊಂಡೇ ಏರಿಸಲು ಹೋದರೆ ಹಲಗಿಗೆ ತಾಗ್ತದ.
4. ಟ್ರ್ಯಾಕ್ಟರನ್ನು ರಿವರ್ಸಿನಾಗ, ಲೋ ಗೇರಿನಾಗ ಏರಿಸುವುದು. ಭಾರದ ಹಿಂಭಾಗ ಏರಿನ ಮ್ಯಾಲಿನ ಕಡೆ ಇದ್ದರೆ ಟ್ರ್ಯಾಕ್ಟರ್ ಮಗುಚುವ ಭಯ ಕಡಿಮೆ. ಇಳಿಸುವಾಗ ಮುಂದಕ್ಕೆ. ನಡುವೆ ಕ್ಲಚ್ ಒತ್ತಬಾರದು.
5. ಡ್ರೈವರ್ ಒಬ್ಬನೇ. ಮೂತಿಯ ಹತ್ತಿರ, ಹಲಗಿಯ ಹಿಂದೆ, ಪಕ್ಕಕ್ಕೆ ಯಾರೂ ನಿಲ್ಲಬಾರದು. ಹುಡುಗರನ್ನು ಮೊದಲೇ ದೂರ ಕಳಿಸ್ರಿ.
6. ಗೇರಿನಾಗ ಇಟ್ಟು, ಬ್ರೇಕು ಹಾಕಿ, ನಾಕೂ ಮೂಲಿಗೆ ಸರಪಳಿ ಬಿಗಿಯುವುದು. ಸರಪಳಿ ಅಚ್ಚಿಗೆ ಹಾಕಬೇಕು, ಸ್ಟೇರಿಂಗ್ ರಾಡಿಗೆ ಅಲ್ಲ. ನೈಲಾನ್ ಹಗ್ಗ ಹಿಗ್ತದ, ನಂಬಬೇಡಿ. 2 ಕಿಲೋಮೀಟರ್ ಹೋಗಿ ನಿಂತು ಮತ್ತೊಮ್ಮೆ ಬಿಗಿಯುವುದು.

ದಾರಿಯಾಗ

ನಮ್ಮ ಟ್ರೇಲಿಗಳಿಗೆ ಬಹುತೇಕ ಬ್ರೇಕು ಇರುವುದಿಲ್ಲ. ನಿಲ್ಲಿಸುವುದು ಎಳೆಯುವ ಟ್ರ್ಯಾಕ್ಟರ್ ಒಂದೇ. ಅದಕ್ಕೇ ಅದರ ತೂಕ ಹೇರಿದ ಟ್ರೇಲಿಗಿಂತ ಕಡಿಮೆ ಇರಬಾರದು. ನಾನು ಷಡ್ಡಕನ 45 ಎಚ್.ಪಿ. ಗಾಡಿಗೆ ಕಟ್ಟುತ್ತೇನೆ. ಹಳ್ಳದ ಇಳಿಜಾರಿನಾಗ ನ್ಯೂಟ್ರಲ್ ಮಾಡಿದವರು ಉಳಿದದ್ದು ಕಡಿಮೆ. ಏರಿದ ಗೇರಿನಾಗೇ ಇಳೀರಿ. ತಾಸಿಗೆ 20-25 ಕಿಲೋಮೀಟರ್ ಸಾಕು. ಹಿಂದೆ ಕೆಂಪು ದೀಪ, ಮಿನುಗುವ ಪಟ್ಟಿ ಇರಲೇಬೇಕು. ಕಬ್ಬಿನ ಹಂಗಾಮಿನಾಗ ರಾತ್ರಿ ನಮ್ಮ ರಸ್ತೆಗಳಲ್ಲಿ ದೀಪವಿಲ್ಲದ ಟ್ರೇಲಿಗೆ ಬಡಿದು ಬೈಕಿನವರು ಸತ್ತದ್ದು ಎಲ್ಲರಿಗೂ ಗೊತ್ತು. ಹೊತ್ತು ಮುಳುಗುವ ಮುಂಚೆ ಮನಿ ಸೇರುವುದು ಉತ್ತಮ.

ಲೆಕ್ಕ

2022ರಲ್ಲಿ ಹಳೇ ಟ್ರೇಲಿಗೆ 58,000 ಕೊಟ್ಟೆ. ಚಾನಲ್, ಊರುಗಾಲು, ದೀಪ, ಬೆಸುಗೆ ಎಲ್ಲಾ 23,000. ಒಟ್ಟು 81,000 ರೂಪಾಯಿ. ಮುಂಚೆ ಪಿಕಪ್ ಗಾಡಿಗೆ ಹೋಗಿಬರಲು 1,800 ಕೊಡುತ್ತಿದ್ದೆ. ಈಗ ಡೀಸೆಲ್, ಷಡ್ಡಕನ ಗಾಡಿಯ ಸವಕಳಿ ಸೇರಿ 700. ಒಂದು ಸಲಕ್ಕೆ 1,100 ಉಳಿತಾಯ. ವರ್ಷಕ್ಕೆ ನಾನು ಸುಮಾರು 30 ಸಲ ಹೋಗುತ್ತೇನೆ. ಎರಡೂವರೆ ವರ್ಷಕ್ಕೆ ದುಡ್ಡು ಹೊಂಟಿತು. ವರ್ಷಕ್ಕೆ 10 ಸಲ ಹೋಗುವವರಿಗೆ ಏಳು ವರ್ಷ ಬೇಕು. ಅಂಥವರು ಕೊಳ್ಳಬೇಡಿ. ಪಿಕಪ್ ಬಾಡಿಗಿ ಹಿಡೀರಿ, ಇಲ್ಲವೆ ಮೂರು ಮಂದಿ ಕೂಡಿ ಒಂದು ಮಾಡಿಸ್ರಿ.

ಮಗನ ದವಾಖಾನೆ ಖರ್ಚು ಈ ಲೆಕ್ಕದಾಗ ಬರೆದಿಲ್ಲ. ಅದು ಟ್ರೇಲಿಯ ಕಿಮ್ಮತ್ತಿಗಿಂತ ಹೆಚ್ಚಾಗಿತ್ತು. ಊರುಗಾಲು ಎರಡಕ್ಕೆ ಬಿದ್ದದ್ದು 2,400 ರೂಪಾಯಿ. ಈಗ ಟ್ರ್ಯಾಕ್ಟರ್ ಹೇರುವವನು ಅವನೇ. ಊರುಗಾಲು ಇಳಿಸುವ ತನಕ ಯಾರನ್ನೂ ಹತ್ತಿರ ಬಿಡುವುದಿಲ್ಲ, ನನ್ನನ್ನೂ ಸಹ.

ನಿಮ್ಮ ಕಡೆ ಇದಕ್ಕಿಂತ ಸುಲಭದ, ಅಗ್ಗದ ಪದ್ಧತಿ ಇದ್ದರೆ ಪತ್ರಿಕೆಗೆ ಬರೀರಿ. ನಾಲ್ಕು ಮಂದಿಗೆ ಉಪಯೋಗ ಆಗ್ತದ.