ಹಿರೋಷಿಮ ನಗರದ ಟ್ರಾಮುಗಾಡಿ

ಹಿರೋಷಿಮ ಎಂಬ ಹೆಸರನ್ನು ಕೇಳದ ವಿದ್ಯಾರ್ಥಿಯಿಲ್ಲ. ಚರಿತ್ರೆಯ ಪಠ್ಯಪುಸ್ತಕದಲ್ಲಿ ಎರಡನೆಯ ಮಹಾಯುದ್ಧದ ಅಧ್ಯಾಯ ಮುಗಿಯುವೆಡೆಯಲ್ಲಿ ಆ ಹೆಸರು ಬರುತ್ತದೆ. 1945ನೆಯ ಇಸವಿ ಆಗಸ್ಟ್ 6ರಂದು ಅಲ್ಲಿ ಅಣುಬಾಂಬು ಬಿತ್ತು, ಕೆಲವೇ ದಿನಗಳಲ್ಲಿ ಜಪಾನು ಶರಣಾಯಿತು ಎಂದು ಎರಡು ಸಾಲುಗಳಲ್ಲಿ ವಿಷಯ ಮುಗಿಯುತ್ತದೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಬದುಕುಳಿದವರಿಗೆ ಮಾರನೆಯ ದಿನವೂ ಬೆಳಗಾಯಿತಷ್ಟೆ? ಅವರಿಗೆ ನೀರು, ಅನ್ನ, ದಾರಿ, ಗಾಡಿ ಇವೆಲ್ಲ ಮತ್ತೆ ಹೇಗೆ ಒದಗಿದವು? ಈ ಪ್ರಶ್ನೆಯನ್ನು ಹಿಡಿದು ಓದುತ್ತ ಹೋದಾಗ ನನಗೆ ದೊರೆತದ್ದು ಆ ನಗರದ ಟ್ರಾಮುಗಾಡಿಯ ವೃತ್ತಾಂತ. ಅದನ್ನು ಓದುಗ ಮಿತ್ರರ ಮುಂದಿಡುವುದು ಈ ಲೇಖನದ ಉದ್ದೇಶ.

ಟ್ರಾಮು ಎಂದರೇನು?

ನಮ್ಮಲ್ಲಿ ಅನೇಕರು ಟ್ರಾಮನ್ನು ಕಂಡವರಲ್ಲ. ಮದರಾಸಿನಲ್ಲಿ ಅದು 1953ರಲ್ಲಿಯೂ ಮುಂಬಯಿಯಲ್ಲಿ 1964ರಲ್ಲಿಯೂ ನಿಂತುಹೋಯಿತು. ಆದುದರಿಂದ ಮೊದಲು ಅದರ ರಚನೆಯನ್ನು ಸಂಕ್ಷೇಪವಾಗಿ ಹೇಳುವುದು ಒಳ್ಳೆಯದು. ಟ್ರಾಮು ಬೀದಿಯ ನಡುವೆಯೇ ಹುದುಗಿಸಿದ ಹಳಿಗಳ ಮೇಲೆ ಓಡುವ ಗಾಡಿ. ಬೀದಿಯ ಉದ್ದಕ್ಕೂ ತಲೆಯ ಮೇಲೆ ಒಂದು ತಂತಿ ಹಾದುಹೋಗಿರುತ್ತದೆ. ಗಾಡಿಯ ನೆತ್ತಿಯ ಮೇಲಿರುವ ಲೋಹದ ಸಾಧನವೊಂದು ಆ ತಂತಿಯನ್ನು ಸವರಿಕೊಂಡು ವಿದ್ಯುತ್ತನ್ನು ಎಳೆದುಕೊಳ್ಳುತ್ತದೆ. ಆ ವಿದ್ಯುತ್ತು ಮೋಟಾರನ್ನು ತಿರುಗಿಸಿ, ಚಕ್ರಗಳ ಮೂಲಕ ಹಳಿಗೆ ಇಳಿದು, ಹಳಿಯ ದಾರಿಯಿಂದಲೇ ಉಪಕೇಂದ್ರಕ್ಕೆ ಹಿಂದಿರುಗುತ್ತದೆ. ಹಿರೋಷಿಮದಲ್ಲಿ ಈ ವಿದ್ಯುತ್ತಿನ ಒತ್ತಡ 600 ವೋಲ್ಟು. ಹೀಗೆ ಟ್ರಾಮು ನಡೆಯಬೇಕಾದರೆ ನಾಲ್ಕು ಕೂಡಿಬರಬೇಕು: ಹಳಿ, ತಂತಿ, ವಿದ್ಯುತ್ತು, ನಡೆಸುವ ಮನುಷ್ಯ. ಇವುಗಳಲ್ಲಿ ಒಂದು ತಪ್ಪಿದರೂ ಗಾಡಿ ನಿಂತ ಕಡೆಯೇ ನಿಲ್ಲುತ್ತದೆ. ಮುಂದಿನ ಕಥೆಯನ್ನು ತಿಳಿಯಲು ಈ ನಾಲ್ಕನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು.

ಆರಂಭ

ಓತ ನದಿಯು ಸಮುದ್ರವನ್ನು ಸೇರುವ ಮುನ್ನ ಕವಲುಕವಲಾಗಿ ಒಡೆದು ಮಾಡಿದ ಮುಖಜಭೂಮಿಯ ಮೇಲೆ ಹಿರೋಷಿಮ ನಿಂತಿದೆ. ಆ ಕಾಲಕ್ಕೆ ಏಳು ಕವಲುಗಳಿದ್ದವು. ಹದಿನಾರನೆಯ ಶತಮಾನದ ಕೊನೆಯಲ್ಲಿ ಮೋರಿ ತೆರುಮೊತೊ ಎಂಬ ಪಾಳೆಯಗಾರನು ಅಲ್ಲಿ ಕೋಟೆ ಕಟ್ಟಿಸಿದನು. ಅದರ ಸುತ್ತ ಪೇಟೆ ಬೆಳೆಯಿತು. 1910ರಲ್ಲಿ ಟ್ರಾಮು ಕಂಪನಿ ಸ್ಥಾಪಿತವಾಯಿತು. ಕೋಟೆಯ ಹೊರಕಂದಕವನ್ನು ಮುಚ್ಚಿ, ಆ ನೆಲದ ಮೇಲೆ ಹಳಿ ಹಾಕಿದರು. ಶತ್ರುವನ್ನು ತಡೆಯಲೆಂದು ತೋಡಿದ ಕಂದಕ ಜನರು ಓಡಾಡುವ ಹೆದ್ದಾರಿಯಾಯಿತು! 1912ನೆಯ ನವೆಂಬರ್ 23ರಂದು ಮೊದಲ ಗಾಡಿ ಓಡಿತು. ಅದೇ ವರ್ಷ ಡಿಸೆಂಬರಿನಲ್ಲಿ ಹಳಿ ಪಶ್ಚಿಮದ ಕೊಯಿ ಎಂಬಲ್ಲಿಗೆ ಮುಟ್ಟಿತು. ಅನಂತರ ದಕ್ಷಿಣದ ಉಜಿನ ಬಂದರಿಗೂ ಕವಲು ಹೋಯಿತು. ಪ್ರಸಿದ್ಧ ದೇವಾಲಯವಿರುವ ಮಿಯಾಜಿಮ ದ್ವೀಪದ ಎದುರುದಂಡೆಗೆ ಹೋಗುವ ಮಾರ್ಗವನ್ನು 1922ರಲ್ಲಿ ತೆರೆಯಲಾರಂಭಿಸಿ 1931ರಲ್ಲಿ ಮುಗಿಸಿದರು. ಗಾಡಿಯ ಗಂಟೆಯ ನಾದದಿಂದ ಜಪಾನೀಯರು ಟ್ರಾಮನ್ನು ಪ್ರೀತಿಯಿಂದ ‘ಚಿನ್ ಚಿನ್ ಗಾಡಿ’ ಎನ್ನುತ್ತಾರೆ.

ಗಾಡಿ ನಡೆಸಿದ ಬಾಲೆಯರು

ಯುದ್ಧ ಬೆಳೆದಂತೆ ಕಂಪನಿಯ ಗಂಡಾಳುಗಳು ಒಬ್ಬೊಬ್ಬರಾಗಿ ಸೈನ್ಯಕ್ಕೆ ಹೋದರು. ಹಳಿ, ತಂತಿ, ವಿದ್ಯುತ್ತು ಮೂರೂ ಇದ್ದು, ನಾಲ್ಕನೆಯದಕ್ಕೆ ಕೊರತೆ ಬಂತು. ಆಗ, 1943ನೆಯ ಏಪ್ರಿಲ್‌ನಲ್ಲಿ, ಕಂಪನಿಯವರು ಬಾಲಿಕೆಯರಿಗಾಗಿ ಒಂದು ಗೃಹವಿಜ್ಞಾನ ಶಾಲೆಯನ್ನು ತೆರೆದರು. ಶುಲ್ಕವಿಲ್ಲ, ವಸತಿಯುಂಟು, ಕೆಲಸಕ್ಕೆ ಸಂಬಳವೂ ಉಂಟು. ಹಿರೋಷಿಮ ಮತ್ತು ನೆರೆಯ ಷಿಮಾನೆ ಪ್ರಾಂತಗಳ ಹಳ್ಳಿಗಳಿಂದ ಹುಡುಗಿಯರು ಬಂದು ಸೇರಿದರು. ವಯಸ್ಸು ಹದಿನಾಲ್ಕರಿಂದ ಹದಿನೇಳು. ದಿನದ ಅರ್ಧ ಭಾಗ ಪಾಠ, ಉಳಿದರ್ಧ ಟ್ರಾಮಿನಲ್ಲಿ ದುಡಿಮೆ. ಮೊದಲು ಟಿಕೆಟು ಕೊಡುವ ಕೆಲಸ. ಕೆಲಕಾಲದ ಮೇಲೆ ಗಾಡಿ ನಡೆಸುವ ಕೆಲಸವೇ ಅವರ ಪಾಲಿಗೆ ಬಂತು. ಹಣೆಗೆ ಬಿಳಿಯ ಪಟ್ಟಿ ಕಟ್ಟಿ ಟ್ರಾಮು ನಡೆಸಿದ ಈ ಬಾಲೆಯರ ಛಾಯಾಚಿತ್ರಗಳು ಇಂದಿಗೂ ಉಳಿದಿವೆ. ಯುದ್ಧದ ಕೊನೆಗೆ ಶಾಲೆಯಲ್ಲಿ ಸುಮಾರು ಮುನ್ನೂರು ವಿದ್ಯಾರ್ಥಿನಿಯರಿದ್ದರು.

ಅವರೇಕೆ ಬಂದರು ಎಂಬುದನ್ನು ಊಹಿಸುವುದು ನನಗೆ ಕಷ್ಟವಾಗಲಿಲ್ಲ. ಮನೆಯಲ್ಲಿ ಓದಿಸುವ ಶಕ್ತಿಯಿಲ್ಲದ, ಆದರೆ ಓದುವ ಆಸೆಯಿರುವ ಮಕ್ಕಳಿಗೆ “ದುಡಿಯುತ್ತ ಓದಬಹುದು” ಎಂಬ ಮಾತಿಗಿಂತ ದೊಡ್ಡ ಕರೆ ಬೇರೆ ಯಾವುದಿದೆ? ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನಾದುದರಿಂದ ಆ ಕರೆಯ ಸೆಳೆತ ನನಗೆ ತಿಳಿಯುತ್ತದೆ.

ಆಗಸ್ಟ್ 6

ಅಂದು ಬೆಳಿಗ್ಗೆ 8 ಗಂಟೆ 15 ನಿಮಿಷ. ಜನ ಕೆಲಸಕ್ಕೆ ಹೊರಟಿದ್ದ ಹೊತ್ತು. ಅಮೆರಿಕದ ವಿಮಾನದವರು ಗುರಿಯಾಗಿ ಆರಿಸಿಕೊಂಡದ್ದು ಐಓಯಿ ಸೇತುವೆಯನ್ನು. ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದ ಆ ಸೇತುವೆ ಮೇಲಿನಿಂದ ನೋಡಿದವರಿಗೆ ಸುಲಭವಾಗಿ ಗುರುತು ಸಿಗುತ್ತಿತ್ತು. ಟ್ರಾಮಿನ ಹಳಿ ಆ ಸೇತುವೆಯ ಮೇಲೆಯೇ ಹಾದುಹೋಗಿತ್ತು. ಬಾಂಬು ಗುರಿಯಿಂದ ಸ್ವಲ್ಪ ದೂರ ಸರಿದು, ನೆಲದಿಂದ ಸುಮಾರು 600 ಮೀಟರು ಎತ್ತರದಲ್ಲಿ ಸಿಡಿಯಿತು. ಆ ವರ್ಷ ಮುಗಿಯುವುದರೊಳಗೆ ಸತ್ತವರ ಸಂಖ್ಯೆ ಸುಮಾರು 1,40,000 ಎಂದು ಅಂದಾಜು. ಕಂಪನಿಯ 123 ಗಾಡಿಗಳಲ್ಲಿ 108 ಹಾನಿಗೊಂಡವು. ಕೆಲಸಗಾರರಲ್ಲಿ 185 ಮಂದಿ ಮಡಿದರು. ಶಾಲೆಯ ಬಾಲೆಯರಲ್ಲಿಯೂ ಅನೇಕರು ಸತ್ತರು, ಅನೇಕರು ಗಾಯಗೊಂಡರು. ಸ್ಫೋಟದ ಕೇಂದ್ರದಿಂದ ಸುಮಾರು 700 ಮೀಟರು ದೂರದಲ್ಲಿದ್ದ 651 ಎಂಬ ಸಂಖ್ಯೆಯ ಗಾಡಿ ಸುಟ್ಟು ಬರಿಯ ಚೌಕಟ್ಟಾಯಿತು.

ಮೂರನೆಯ ದಿನ

ಹಳಿಗಳ ಮೇಲೆ ಮನೆಗಳು ಬಿದ್ದಿದ್ದವು. ತಂತಿ ಹರಿದು ನೆಲದ ಮೇಲಿತ್ತು. ಕಂಬಗಳು ಉರುಳಿದ್ದವು ಇಲ್ಲವೆ ಸುಟ್ಟಿದ್ದವು. ನಗರದೊಳಗಿನ ವಿದ್ಯುತ್ತು ನಿಂತಿತ್ತು. ಉಳಿದ ಕೆಲಸಗಾರರು ಪಶ್ಚಿಮ ದಿಕ್ಕಿನಿಂದ ಕೆಲಸ ಹಿಡಿದರು. ಅದಕ್ಕೆ ಕಾರಣವಿತ್ತು. ಕೊಯಿ ಕಡೆ ಹಾನಿ ಹೋಲಿಕೆಗೆ ಕಡಿಮೆ. ಮಿಯಾಜಿಮ ಮಾರ್ಗಕ್ಕೆ ವಿದ್ಯುತ್ತು ಕೊಡುತ್ತಿದ್ದ ಉಪಕೇಂದ್ರ ಊರಾಚೆ ಇದ್ದುದರಿಂದ ಉಳಿದಿತ್ತು. ಅಲ್ಲಿಂದ ನಗರದ ಕಡೆಗೆ ವಿದ್ಯುತ್ತನ್ನು ತರಬಹುದಾಗಿತ್ತು. ಸೈನಿಕರ ನೆರವಿನಿಂದ ಕಂಬ ನೆಟ್ಟು ತಂತಿ ಎಳೆದರು. ಎರಡು ಜೊತೆ ಹಳಿಗಳಲ್ಲಿ ಒಂದನ್ನು ಮಾತ್ರ ತೆರವು ಮಾಡಿದರು. ಆಗಸ್ಟ್ 9ರಂದು, ಬಾಂಬು ಬಿದ್ದ ಮೂರೇ ದಿನಕ್ಕೆ, ಕೊಯಿಯಿಂದ ನಿಶಿ ತೆಮ್ಮ ಎಂಬಲ್ಲಿಯವರೆಗೆ ಟ್ರಾಮು ಓಡಿತು. ದೂರ ಹೆಚ್ಚೆಂದರೆ ಒಂದೂವರೆ ಕಿಲೋಮೀಟರು. ಅದೇ ದಿನ ಬೆಳಿಗ್ಗೆ 11 ಗಂಟೆ 2 ನಿಮಿಷಕ್ಕೆ ನಾಗಸಾಕಿಯ ಮೇಲೆ ಎರಡನೆಯ ಬಾಂಬು ಬಿತ್ತೆಂಬುದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ.

ಹೀಗೆ ಮತ್ತೆ ಹೊರಟ ಗಾಡಿಗಳಲ್ಲಿ ಕೆಲಸ ಮಾಡಿದವರಲ್ಲಿ ಆ ಶಾಲೆಯ ಬಾಲೆಯರೂ ಇದ್ದರು. ಹತ್ತಿದವರಲ್ಲಿ ಹಣವಿಲ್ಲದವರಿಂದ ಟಿಕೆಟಿನ ಹಣ ಕೇಳಲಿಲ್ಲ. ಮಕ್ಕಳನ್ನು ಹುಡುಕುವ ತಾಯಂದಿರು, ಗಾಯಾಳುಗಳು, ಊರು ಬಿಟ್ಟು ಹೊರಟವರು—ಇವರೇ ಪ್ರಯಾಣಿಕರು. ಬೂದಿಯ ನಡುವೆ ಗಂಟೆ ಬಾರಿಸುತ್ತ ಬಂದ ಗಾಡಿಯನ್ನು ಕಂಡು ಜನರಿಗೆ ಊರು ಇನ್ನೂ ಸತ್ತಿಲ್ಲವೆಂಬ ಧೈರ್ಯ ಬಂತೆಂದು ಅಲ್ಲಿಯವರು ಇಂದಿಗೂ ಹೇಳುತ್ತಾರೆ.

ಈ ಪ್ರಸಂಗವನ್ನು ಸಾಹಸದ ಕಥೆಯಾಗಿ ಹೇಳುವುದು ವಾಡಿಕೆ. ಸಾಹಸವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹದಿನೈದು ಹದಿನಾರು ವರ್ಷದ ಹುಡುಗಿಯರನ್ನು ಆ ಬೂದಿಯೊಳಕ್ಕೆ ಕೆಲಸಕ್ಕೆ ಕಳುಹಿಸಿದುದನ್ನು ಕುರಿತು ನಾವು ಯೋಚಿಸಬೇಡವೆ? ವಿಕಿರಣವೆಂಬ ಕಣ್ಣಿಗೆ ಕಾಣದ ವಿಷ ಅಲ್ಲಿ ಹರಡಿದ್ದುದು ಅವರಿಗೆ ತಿಳಿಯದು. ಯುದ್ಧ ಮುಗಿಯಿತು, ಗಂಡಸರು ಹಿಂದಿರುಗತೊಡಗಿದರು. ಸೆಪ್ಟೆಂಬರ್ 1945ರಲ್ಲಿ ಆ ಶಾಲೆಯನ್ನೇ ಮುಚ್ಚಿಬಿಟ್ಟರು. ಬದುಕುಳಿದ ಬಾಲೆಯರು ತಮ್ಮ ತಮ್ಮ ಹಳ್ಳಿಗಳಿಗೆ ಮರಳಿದರು. ಮೂರು ವರ್ಷವೂ ತುಂಬದ ಆ ಶಾಲೆಯನ್ನು ಲೋಕ ಬಹುಕಾಲ ಮರೆತಿತ್ತು. 2005ರಲ್ಲಿ ಅವರ ವೃತ್ತಾಂತ ಪುಸ್ತಕವಾಗಿ ಬಂತು. 2015ರಲ್ಲಿ ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಅದೇ ವಸ್ತುವಿನ ಮೇಲೆ ನಾಟಕವನ್ನು ಪ್ರಸಾರ ಮಾಡಿತು. ಟ್ರಾಮು ಮೂರು ದಿನಗಳಲ್ಲಿ ಮತ್ತೆ ಓಡಿತು. ಅದನ್ನು ನಡೆಸಿದವರ ಹೆಸರು ಹೊರಬರಲು ಅರವತ್ತು ವರ್ಷ ಹಿಡಿಯಿತು.

ಎರಡನೆಯ ಗಂಡಾಂತರ

ಬಾಂಬಿನಿಂದ ಉಳಿದ ಟ್ರಾಮಿಗೆ ಶಾಂತಿಯ ಕಾಲದಲ್ಲಿ ಇನ್ನೊಂದು ಗಂಡಾಂತರ ಒದಗಿತು. ಅದು ಮೋಟಾರು ಕಾರು. 1960ರ ದಶಕದಲ್ಲಿ ಜಪಾನಿನ ಬೀದಿಗಳಲ್ಲಿ ಕಾರುಗಳು ತುಂಬಿದವು. ಟ್ರಾಮು ದಾರಿಗೆ ಅಡ್ಡ ಎಂಬ ಮಾತು ಎಲ್ಲೆಡೆ ಕೇಳಿಬಂತು. ಓಸಾಕ 1969ರಲ್ಲಿ, ಕೋಬೆ 1971ರಲ್ಲಿ, ಕ್ಯೋಟೊ 1978ರಲ್ಲಿ ತಮ್ಮ ನಗರ ಟ್ರಾಮುಗಳನ್ನು ಪೂರ್ತಿಯಾಗಿ ನಿಲ್ಲಿಸಿದವು. ಟೋಕಿಯೊದ ವಿಸ್ತಾರವಾದ ಜಾಲದಲ್ಲಿ 1972ರ ಹೊತ್ತಿಗೆ ಒಂದು ತುಣುಕು ಮಾತ್ರ ಉಳಿಯಿತು.

ಹಿರೋಷಿಮದಲ್ಲಿಯೂ 1963ರಲ್ಲಿ ಟ್ರಾಮಿನ ಹಳಿಗಳ ಮೇಲೆ ಕಾರು ಓಡಿಸಲು ಅನುಮತಿ ಕೊಟ್ಟರು. ಫಲವೇನಾಯಿತು? ಕಾರುಗಳ ಸಾಲಿನ ಹಿಂದೆ ಟ್ರಾಮು ನಿಲ್ಲತೊಡಗಿತು. ಹೊತ್ತಿಗೆ ಸರಿಯಾಗಿ ಬಾರದ ಗಾಡಿಯನ್ನು ಜನ ಬಿಟ್ಟರು; ಜನ ಬಿಟ್ಟುದರಿಂದ ವರಮಾನ ಕುಗ್ಗಿತು. ಟ್ರಾಮು ಹಳತಾಯಿತೆಂದು ಹೇಳುವವರಿಗೆ ಇದೇ ಸಾಕ್ಷಿಯಾಯಿತು. ಆದರೆ ರೋಗ ಟ್ರಾಮಿನಲ್ಲಿರಲಿಲ್ಲ, ದಾರಿಯ ಹಂಚಿಕೆಯಲ್ಲಿತ್ತು. 1971ರಲ್ಲಿ ಪ್ರಾಂತದ ಪೊಲೀಸರು ಕಾರುಗಳನ್ನು ಹಳಿಯಿಂದ ಹೊರಗಿಟ್ಟರು. ಟ್ರಾಮು ಮತ್ತೆ ಹೊತ್ತಿಗೆ ಸರಿಯಾಗಿ ಬರತೊಡಗಿತು.

ಖಾಸಗಿ ಕಂಪನಿಯಾದುದರಿಂದ ಖರ್ಚಿನಲ್ಲಿ ಕೈ ಬಿಗಿ ಹಿಡಿಯಬೇಕಾಗಿತ್ತು. ಇತರ ನಗರಗಳು ಬೇಡವೆಂದ ಹಳೆಯ ಗಾಡಿಗಳನ್ನು ಅದು ಕೊಂಡು ತಂದಿತು. ಓಸಾಕ, ಕೋಬೆ, ಕ್ಯೋಟೊ, ಫುಕುವೋಕಗಳ ಗಾಡಿಗಳು ತಮ್ಮ ಮೂಲ ಬಣ್ಣಗಳಲ್ಲಿಯೇ ಹಿರೋಷಿಮದ ಬೀದಿಗಳಲ್ಲಿ ಓಡಿದವು. ಜರ್ಮನಿಯ ಡಾರ್ಟ್‌ಮುಂಡಿನಿಂದಲೂ ಗಾಡಿಗಳು ಬಂದವು. ಸೋದರ ನಗರವಾದ ಹ್ಯಾನೋವರಿನಿಂದ 1989ರಲ್ಲಿ ಒಂದು ಗಾಡಿ ಬಂತು. ಈ ಕಾರಣದಿಂದ ಜನ ಅದನ್ನು ‘ಚಲಿಸುವ ಟ್ರಾಮು ವಸ್ತುಸಂಗ್ರಹಾಲಯ’ ಎಂದು ಕರೆದರು. 1999ರಿಂದ ಮುದುಕರಿಗೂ ಅಂಗವಿಕಲರಿಗೂ ಹತ್ತಲು ಸುಲಭವಾದ ತಗ್ಗು ನೆಲದ ಹೊಸ ಗಾಡಿಗಳು ಸೇರಿದವು.

ಇಂದು

ಇಂದು ಸುಮಾರು 35 ಕಿಲೋಮೀಟರು ಉದ್ದದ ಹಿರೋಷಿಮದ ಜಾಲ ಜಪಾನಿನ ಟ್ರಾಮು ಜಾಲಗಳಲ್ಲೆಲ್ಲ ದೊಡ್ಡದು. 2025ನೆಯ ಆಗಸ್ಟ್ 3ರಂದು ಹೊಸ ತುಂಡು ಮಾರ್ಗವೊಂದು ತೆರೆಯಿತು. ಈಗ ಟ್ರಾಮು ಮೇಲುಸೇತುವೆ ಏರಿ ರೈಲ್ವೆ ನಿಲ್ದಾಣದ ಎರಡನೆಯ ಅಂತಸ್ತಿನೊಳಕ್ಕೇ ಹೋಗುತ್ತದೆ.

ಸುಟ್ಟು ಚೌಕಟ್ಟಾಗಿದ್ದ 651ನೆಯ ಗಾಡಿಯ ಗತಿಯೇನಾಯಿತು ಎಂದು ಓದುಗರು ಕೇಳಬಹುದು. ಅದು 1942ರಲ್ಲಿ ಕಟ್ಟಿದ ಐದು ಗಾಡಿಗಳ ಗುಂಪಿನಲ್ಲಿ ಒಂದು. ಅದನ್ನು ದುರಸ್ತಿ ಮಾಡಿ 1946ರ ಮಾರ್ಚಿನಲ್ಲಿ ಮತ್ತೆ ಹಳಿಗೆ ಇಳಿಸಿದರು. ಆ ಗುಂಪಿನ 655ನೆಯದು 1967ರಲ್ಲಿ ಅಪಘಾತದ ತರುವಾಯ ಹೋಯಿತು. 654ನೆಯದು 2006ರಲ್ಲಿ ನಿವೃತ್ತಿಯಾಗಿ ವಸ್ತುಸಂಗ್ರಹಾಲಯ ಸೇರಿತು. 653ನೆಯದನ್ನು 2015ರಲ್ಲಿ ಯುದ್ಧಕಾಲದ ಬಣ್ಣ ಬಳಿದು ವಿಶೇಷ ಸಂಚಾರಕ್ಕೆ ಹೊರತಂದರು. 651 ಮತ್ತು 652 ಮಾತ್ರ ಇಂದಿಗೂ ಮಾಮೂಲಿ ಗಾಡಿಗಳಾಗಿ, ಶಾಲೆಗೂ ಕಚೇರಿಗೂ ಹೋಗುವವರನ್ನು ಹೊತ್ತು ತಿರುಗುತ್ತಿವೆ.

ಹಿರೋಷಿಮದಲ್ಲಿ ಬಾಂಬಿನ ನೆನಪಿಗೆ ಗುಮ್ಮಟವಿದೆ, ಉದ್ಯಾನವಿದೆ, ವಸ್ತುಸಂಗ್ರಹಾಲಯವಿದೆ. ಅವು ಸತ್ತವರನ್ನು ನೆನೆಸುತ್ತವೆ. ಟ್ರಾಮಿನ ಚರಿತ್ರೆ ಉಳಿದವರ ದುಡಿಮೆಯನ್ನು ನೆನೆಸುತ್ತದೆ. ಹಳಿ, ತಂತಿ, ವಿದ್ಯುತ್ತುಗಳ ಲೆಕ್ಕವನ್ನು ಕಂಪನಿಯ ದಫ್ತರಗಳು ಇಟ್ಟುಕೊಂಡಿರುತ್ತವೆ. ನಾಲ್ಕನೆಯದರ, ಎಂದರೆ ಮನುಷ್ಯರ ಲೆಕ್ಕವನ್ನು ಚರಿತ್ರೆ ಓದುವ ನಾವು ಇಟ್ಟುಕೊಳ್ಳಬೇಕು. ಓದಲೆಂದು ಹಳ್ಳಿಯಿಂದ ಬಂದು, ಓದು ಮುಗಿಯುವ ಮೊದಲೇ ಒಂದು ನಗರವನ್ನು ಮತ್ತೆ ನಡೆಸಿ, ಮಾತಿಲ್ಲದೆ ಮನೆಗೆ ಮರಳಿದ ಆ ಬಾಲೆಯರಿಗೆ ಪಠ್ಯಪುಸ್ತಕದಲ್ಲಿ ಮೂರನೆಯ ಸಾಲೊಂದು ಸಲ್ಲಬೇಕು.